ಸ್ಮೈಲ್ಸನ ‘ಸೆಲ್ಫ್ ಹೆಲ್ಪ್’ ಗ್ರಂಥವೂ ಜಪಾನೀಯರ ಇಂಗ್ಲಿಷ್ ಶಬ್ದವ್ಯಾಸಂಗವೂ

೧೮೭೨ನೆಯ ಇಸವಿಯ ಮೇ ತಿಂಗಳಿನಲ್ಲಿ, ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಜಪಾನು ದೇಶದ ರಾಜಪ್ರತಿನಿಧಿಯಾಗಿದ್ದ ಮೋರಿ ಅರಿನೋರಿ ಎಂಬ ತರುಣನು ಯೇಲ್ ವಿದ್ಯಾಪೀಠದ ವಿಲಿಯಂ ಡ್ವೈಟ್ ವಿಟ್ನಿ ಪಂಡಿತನಿಗೆ ಒಂದು ಪತ್ರವನ್ನು ಬರೆದನು. ಈ ವಿಟ್ನಿಯು ಮುಂದೆ ೧೮೭೯ರಲ್ಲಿ ಪ್ರಕಟಿಸಿದ ಸಂಸ್ಕೃತ ವ್ಯಾಕರಣದಿಂದ ಭರತಖಂಡದ ವಿದ್ವಾಂಸರಿಗೆ ಸುಪರಿಚಿತನಾದವನೇ. ಜಪಾನೀ ಭಾಷೆಯು ಶಾಸ್ತ್ರಕ್ಕೂ ವಾಣಿಜ್ಯಕ್ಕೂ ಸಾಲದು. ಚೀನೀ ಭಾಷೆಯ ಆಸರೆಯಿಲ್ಲದೆ ಅದು ನಿಲ್ಲಲಾರದು. ಆದಕಾರಣ ಇಂಗ್ಲಿಷನ್ನೇ, ಅದರ ಅಕ್ಷರಸಂಯೋಜನೆಯನ್ನೂ ಕ್ರಿಯಾರೂಪಗಳನ್ನೂ ಸುಲಭಗೊಳಿಸಿ, ದೇಶದಲ್ಲಿ ನೆಲೆಗೊಳಿಸಬಾರದೇಕೆ ಎಂಬುದು ಪತ್ರದ ತಾತ್ಪರ್ಯ. ವಿಟ್ನಿಯು ಜೂನ್ ತಿಂಗಳಲ್ಲಿ ಕಳುಹಿಸಿದ ಉತ್ತರದಲ್ಲಿ ಈ ಯೋಚನೆಯನ್ನು ಒಪ್ಪಲಿಲ್ಲ. ಒಂದು ಜನಾಂಗವು ತನ್ನ ನುಡಿಯನ್ನು ಬಿಟ್ಟು ಸಂಸ್ಕೃತಿಯನ್ನು ಗಳಿಸುವುದು ದುಸ್ಸಾಧ್ಯವೆಂದೂ, ಇಷ್ಟುಕಾಲ ಚೀನೀ ಭಾಷೆಗೆ ಸಂದಿದ್ದ ಶಾಸ್ತ್ರಭಾಷೆಯ ಸ್ಥಾನವನ್ನು ಇಂಗ್ಲಿಷಿಗೆ ಕೊಟ್ಟು ಅದರ ಮೂಲಕ ದೇಶಭಾಷೆಯನ್ನು ಪುಷ್ಟಿಗೊಳಿಸಬಹುದೆಂದೂ ಆತನು ಸಲಹೆಮಾಡಿದನು. ಮರುವರ್ಷ ಬಾಬಾ ತತ್ಸುಯಿ ಎಂಬ ಇನ್ನೊಬ್ಬ ಜಪಾನೀಯನು ಲಂಡನ್ನಿನಲ್ಲಿದ್ದುಕೊಂಡೇ ತನ್ನ ಭಾಷೆಗೊಂದು ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದು, ಮೋರಿಯ ಅಭಿಪ್ರಾಯವನ್ನು ಅದರ ಪೀಠಿಕೆಯಲ್ಲಿ ಖಂಡಿಸಿದನು.

ಈ ವಾದವಿವಾದವು ಭಾಷಾಶಾಸ್ತ್ರದ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಆದರೆ ಮೋರಿಯ ಸಂದೇಹಕ್ಕೆ ನಿಜವಾದ ಸಮಾಧಾನವು ಪತ್ರಗಳಲ್ಲಿಯಾಗಲಿ ಪೀಠಿಕೆಗಳಲ್ಲಿಯಾಗಲಿ ದೊರೆಯಲಿಲ್ಲ. ಅದು ಒಂದು ವರ್ಷಕ್ಕೆ ಮುಂಚೆಯೇ, ಷಿಝುಒಕ ಎಂಬ ಊರಿನಲ್ಲಿ, ಮರದ ಅಚ್ಚುಗಳಿಂದ ಮುದ್ರಿತವಾಗಿ ಹನ್ನೊಂದು ಸಂಪುಟಗಳಲ್ಲಿ ಹೊರಟ ಒಂದು ಭಾಷಾಂತರದಲ್ಲಿತ್ತು. ಬರಿಗೈಯಲ್ಲಿ ಹೊರಟು ಉದ್ಯಮದಲ್ಲಿ ಮೇಲಕ್ಕೆ ಬಂದವರ ಕಥೆಗಳನ್ನು ಹೇಳುವ ಒಂದು ಇಂಗ್ಲಿಷ್ ಪುಸ್ತಕ; ಅದನ್ನು ಮೂಲದಲ್ಲಿ ಓದಿ ಇಂಗ್ಲಿಷ್ ಕಲಿತವರು ಒಂದು ಕಡೆ, ಭಾಷಾಂತರದಲ್ಲಿ ಓದಿ ಇಂಗ್ಲಿಷಿನ ಭಾವಗಳನ್ನು ತಮ್ಮ ನುಡಿಯಲ್ಲೇ ಪಡೆದವರು ಮತ್ತೊಂದು ಕಡೆ. ಒಂದು ಪರಭಾಷೆಯ ಶಬ್ದಸಂಪತ್ತು ಇನ್ನೊಂದು ಭಾಷೆಯೊಳಕ್ಕೆ ಹೇಗೆ ಇಳಿಯುತ್ತದೆ, ಇಳಿಯುವಾಗ ಏನನ್ನು ತರುತ್ತದೆ, ಏನನ್ನು ಬಿಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ವಿರಳ.

ಆ ಇಂಗ್ಲಿಷ್ ಗ್ರಂಥವು ಸ್ಯಾಮ್ಯುಯೆಲ್ ಸ್ಮೈಲ್ಸನ ‘ಸೆಲ್ಫ್ ಹೆಲ್ಪ್’, ಎಂದರೆ ‘ಸ್ವಸಹಾಯ’. ಇದು ಮೊದಲು ಪುಸ್ತಕವಾಗಿರಲಿಲ್ಲ, ಮಾತಾಗಿತ್ತು. ಸ್ಕಾಟ್ಲೆಂಡಿನ ಹ್ಯಾಡಿಂಗ್ಟನ್ ಎಂಬ ಊರಿನಲ್ಲಿ ೧೮೧೨ರಲ್ಲಿ ಹುಟ್ಟಿದ ಸ್ಮೈಲ್ಸನು ಎಡಿನ್‌ಬರೊದಲ್ಲಿ ವೈದ್ಯವಿದ್ಯೆಯನ್ನು ಕಲಿತು, ಅದರಲ್ಲಿ ನೆಲೆಕಾಣದೆ, ೧೮೩೮ರಲ್ಲಿ ಲೀಡ್ಸ್ ನಗರದ ಒಂದು ಪತ್ರಿಕೆಗೆ ಸಂಪಾದಕನಾಗಿ ಬಂದನು. ಲೀಡ್ಸ್ ಉಣ್ಣೆಯ ಗಿರಣಿಗಳ ಊರು. ಅಲ್ಲಿ ಕೆಲವು ಮಂದಿ ಬಡ ತರುಣರು ಚಳಿಗಾಲದ ಸಂಜೆಗಳಲ್ಲಿ ಒಬ್ಬನ ಗುಡಿಸಲಿನಲ್ಲಿ ಸೇರಿ, ತಮಗೆ ಗೊತ್ತಿದ್ದಷ್ಟನ್ನು ಪರಸ್ಪರ ಹೇಳಿಕೊಡತೊಡಗಿದರು. ಸ್ವಲ್ಪ ಬಲ್ಲವನು ಏನೂ ಅರಿಯದವನಿಗೆ ಗುರು. ಬೇಸಿಗೆ ಬಂದಾಗ ಪಾಠವು ತೋಟಕ್ಕೆ ಹೋಯಿತು. ಸಂಖ್ಯೆ ನೂರರ ಹತ್ತಿರಕ್ಕೆ ಬೆಳೆದಾಗ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದರು; ಅದು ಹಿಂದೆ ಕಾಲರಾ ಆಸ್ಪತ್ರೆಯಾಗಿದ್ದುದರಿಂದ ಬೇರೆ ಯಾರೂ ಅದರ ಬಳಿಗೆ ಸುಳಿಯುತ್ತಿರಲಿಲ್ಲ. ಓದುಬರಹ, ಲೆಕ್ಕ, ಭೂಗೋಳ, ರಸಾಯನಶಾಸ್ತ್ರ, ಪರಭಾಷೆಗಳು ಇಷ್ಟಕ್ಕೂ ಅಲ್ಲಿ ತರಗತಿಗಳು ನಡೆದವು. ತಮಗೂ ನಾಲ್ಕು ಮಾತು ಹೇಳಬೇಕೆಂದು ಅವರು ಬಂದು ಕೇಳಿಕೊಂಡಾಗ ಸ್ಮೈಲ್ಸನು ೧೮೪೫ರಲ್ಲಿ ಉಪನ್ಯಾಸವನ್ನು ಆರಂಭಿಸಿದನು. ನೂಲುವ ಯಂತ್ರದ ಆರ್ಕ್‌ರೈಟ್, ಮಣ್ಣಿನ ಪಾತ್ರೆಗಳ ವೆಜ್‌ವುಡ್, ಲೇಸು ಹೆಣೆಯುವ ಯಂತ್ರದ ಹೀತ್‌ಕೋಟ್ ಮುಂತಾದವರ ಜೀವನವೇ ಆತನ ದೃಷ್ಟಾಂತಗಳು. ಕೆಲವು ವರ್ಷಗಳ ಮೇಲೆ, ಆ ಶ್ರೋತೃಗಳಲ್ಲೊಬ್ಬನು ಎರಕದ ಕೆಲಸದಿಂದ ನೇರವಾಗಿ ಬಂದಂತೆ ಆತನ ಮನೆಬಾಗಿಲಿಗೆ ಬಂದು, ತಾನು ಈಗ ಸ್ವಂತ ಕಾರ್ಖಾನೆಯ ಯಜಮಾನನೆಂದು ತಿಳಿಸಿ ಕೃತಜ್ಞತೆಯನ್ನು ಹೇಳಿಹೋದುದು ಗ್ರಂಥರಚನೆಗೆ ಪ್ರೇರಣೆಯಾಯಿತು. ಒಬ್ಬ ಪ್ರಕಾಶಕನು ಹಸ್ತಪ್ರತಿಯನ್ನು ಬೇಡವೆಂದು ಹಿಂದಿರುಗಿಸಿದ ತರುವಾಯ ೧೮೫೯ರಲ್ಲಿ ಜಾನ್ ಮರ್ರೆಯವರ ಮೂಲಕ ಅದು ಪ್ರಕಟವಾಗಿ, ಮೊದಲ ವರ್ಷದಲ್ಲೇ ೨೦,೦೦೦ ಪ್ರತಿಗಳು ಮಾರಿದವು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ‘ಸ್ವಸಹಾಯ’ವೆಂಬ ಹೆಸರಿನ ಈ ಪುಸ್ತಕವು ಹುಟ್ಟಿದ್ದು ಪರಸ್ಪರ ಸಹಾಯದ ಒಂದು ಕೂಟದಲ್ಲಿ. ಹೆಸರಿನಿಂದ ತಪ್ಪುತಿಳಿವಳಿಕೆಯಾಯಿತೆಂದು ಸ್ಮೈಲ್ಸನೇ ೧೮೬೬ರ ಪರಿಷ್ಕೃತ ಮುದ್ರಣದ ಮುನ್ನುಡಿಯಲ್ಲಿ ಹಳಹಳಿಸಿದ್ದಾನೆ. ಸ್ವಾರ್ಥದ ಸ್ತೋತ್ರವೆಂದು ಕೆಲವರು ಭಾವಿಸಿದರಂತೆ. ಸೋತವರ ಚರಿತ್ರೆಯನ್ನೇಕೆ ಬರೆಯಬಾರದೆಂದು ವಿಮರ್ಶಕನೊಬ್ಬನು ಕೇಳಿದುದಕ್ಕೂ ಅಲ್ಲಿ ಉತ್ತರವಿದೆ: ಬರೆಯಬಾರದೆಂದೇನೂ ಇಲ್ಲ, ಓದುವವರಿಗೆ ಮನಸ್ಸು ಕುಗ್ಗುತ್ತದೆ ಅಷ್ಟೆ, ಎಂಬ ಅರ್ಥದ್ದು. ಈ ಉತ್ತರವು ಜಾಣ್ಮೆಯದು, ಆದರೆ ಪೂರ್ಣವಾದುದಲ್ಲ. ಅದರ ಫಲವು ಜಪಾನಿನಲ್ಲಿ ಹೇಗೆ ಕಾಣಿಸಿಕೊಂಡಿತೆಂಬುದು ಮುಂದೆ ತಿಳಿಯುತ್ತದೆ.

ಭಾಷಾಂತರಕಾರನಾದ ನಾಕಮುರ ಮಸನಾಒನು ೧೮೩೨ರಲ್ಲಿ, ಈಗ ಟೋಕಿಯೋ ಎನಿಸಿರುವ ಎಡೊ ನಗರದಲ್ಲಿ ಹುಟ್ಟಿದವನು. ಷೋಗುನರ ವಿದ್ಯಾಶಾಲೆಯಲ್ಲಿ ಓದಿ ಅಲ್ಲಿಯೇ ಕನ್‌ಫ್ಯೂಷಿಯಸನ ಶಾಸ್ತ್ರಗಳಲ್ಲಿ ಆಸ್ಥಾನಪಂಡಿತನ ಪದವಿಗೆ ಏರಿದವನು. ಪಾಶ್ಚಾತ್ಯ ಭಾಷೆಗಳನ್ನು ಕಲಿಯುವುದು ಆ ಕಾಲದಲ್ಲಿ ಎಷ್ಟು ಕಷ್ಟವಾಗಿತ್ತೆಂಬುದಕ್ಕೆ ಕತ್ಸು ಕೈಷು ಎಂಬ ರಾಜಕಾರಣಿಯ ಉದಾಹರಣೆಯೊಂದು ಸಾಕು. ಆತನು ಬಡತನದ ದಿನಗಳಲ್ಲಿ, ೧೮೪೭–೪೮ರಲ್ಲಿ, ಒಂದು ದೊಡ್ಡ ಡಚ್ ಕೋಶವನ್ನು ಬಾಡಿಗೆಗೆ ತಂದು ಅದರ ಎರಡು ಪ್ರತಿಗಳನ್ನು ಕೈಯಿಂದಲೇ ಬರೆದು, ಒಂದನ್ನು ಮಾರಿ ಬಾಡಿಗೆಯನ್ನು ತೀರಿಸಿದನು. ಇದೇ ಕತ್ಸುವಿನಿಂದ ನಾಕಮುರನು ಮುಂದೆ ಒಂದು ಇಂಗ್ಲಿಷ್–ಚೀನೀ ಕೋಶವನ್ನು ಎರವಲು ಪಡೆದು ತಾನೂ ಪ್ರತಿಮಾಡಿಕೊಂಡನು. ೧೮೬೬ರಲ್ಲಿ ಷೋಗುನರ ಸರಕಾರವು ಕೆಲವು ವಿದ್ಯಾರ್ಥಿಗಳನ್ನು ಇಂಗ್ಲೆಂಡಿಗೆ ಕಳುಹಿಸಿದಾಗ ಮೇಲ್ವಿಚಾರಕನಾಗಿ ಹೋದ ನಾಕಮುರನಿಗೆ ಆಗ ಮೂವತ್ತನಾಲ್ಕು ವರ್ಷ. ಪಾಂಡಿತ್ಯಕ್ಕಾಗಿ ಗೌರವ ಪಡೆದಿದ್ದವನು ಇನ್ನೊಂದು ದೇಶದಲ್ಲಿ ಮಕ್ಕಳ ಪಾಠದಿಂದ ಆರಂಭಿಸಬೇಕಾಯಿತು. ೧೮೬೮ರಲ್ಲಿ ಷೋಗುನರ ಆಳಿಕೆಯೇ ಅಳಿದುಹೋದುದರಿಂದ ಎಲ್ಲರೂ ಹಿಂದಿರುಗಬೇಕಾಗಿ ಬಂದಿತು. ಹೊರಡುವಾಗ ಫ್ರೀಲಂಡ್ ಎಂಬ ಇಂಗ್ಲಿಷ್ ಮಿತ್ರನು ಉಡುಗೊರೆಯಾಗಿ ಕೊಟ್ಟ ‘ಸೆಲ್ಫ್ ಹೆಲ್ಪ್’ ಗ್ರಂಥವನ್ನು ನಾಕಮುರನು ಹಡಗಿನಲ್ಲಿ ಓದುತ್ತಾ ಓದುತ್ತಾ ಅರ್ಧದಷ್ಟನ್ನು ಕಂಠಪಾಠ ಮಾಡಿದನೆಂದು ಪ್ರಸಿದ್ಧಿಯಿದೆ. ವೇದಾಧ್ಯಯನದಂತೆಯೇ ಕನ್‌ಫ್ಯೂಷಿಯಸನ ಗ್ರಂಥಗಳ ಅಧ್ಯಯನಕ್ಕೂ ಕಂಠಪಾಠವೇ ತಳಹದಿಯಾಗಿದ್ದುದರಿಂದ ಇದರಲ್ಲಿ ಆಶ್ಚರ್ಯವಿಲ್ಲ.

ಪದಚ್ಯುತನಾದ ಷೋಗುನನ ಪರಿವಾರದೊಡನೆ ನಾಕಮುರನೂ ಷಿಝುಒಕಕ್ಕೆ ಹೋಗಿ, ಅಲ್ಲಿನ ವಿದ್ಯಾಶಾಲೆಯಲ್ಲಿ ಉಪಾಧ್ಯಾಯನಾಗಿದ್ದುಕೊಂಡು ಭಾಷಾಂತರವನ್ನು ಮುಗಿಸಿದನು. ೧೮೭೧ರಲ್ಲಿ ಹೊರಬಂದ ಅದರ ಹೆಸರು ‘ಸೈಗೊಕು ರಿಷ್ಷಿ ಹೆನ್’. ಪಶ್ಚಿಮ ದೇಶಗಳ ದೃಢಸಂಕಲ್ಪರ ಕಥೆಗಳು ಎಂದು ಇದರ ಅರ್ಥ. ಸೈನ್ಯಶಾಸ್ತ್ರದ ಗ್ರಂಥವನ್ನು ಬಿಟ್ಟು ಇದನ್ನೇಕೆ ಭಾಷಾಂತರಿಸುತ್ತೀರಿ ಎಂದು ಅತಿಥಿಯೊಬ್ಬನು ಕೇಳಿದಂತೆಯೂ, ಪಾಶ್ಚಾತ್ಯ ರಾಷ್ಟ್ರಗಳ ಬಲವು ಸೇನೆಯಿಂದ ಬಂದುದಲ್ಲ, ಜನರ ಶೀಲದಿಂದ ಬಂದುದು ಎಂದು ತಾನು ಉತ್ತರಕೊಟ್ಟಂತೆಯೂ ನಾಕಮುರನು ಅದರ ಪೀಠಿಕೆಯಲ್ಲಿ ಬರೆದಿದ್ದಾನೆ. ಸೋತ ಪಕ್ಷದವನ ಮಾತಿದು ಎಂಬುದನ್ನು ಮರೆಯಬಾರದು. ಮೇಜಿ ಯುಗವು ೧೯೧೨ರಲ್ಲಿ ಮುಗಿಯುವುದರೊಳಗಾಗಿ ಈ ಭಾಷಾಂತರದ ಹತ್ತು ಲಕ್ಷ ಪ್ರತಿಗಳು ಖರ್ಚಾದವೆಂಬುದು ರೂಢಿಯ ಲೆಕ್ಕ. ಇಂಗ್ಲೆಂಡಿನಲ್ಲಾದರೋ ಸ್ಮೈಲ್ಸನು ೧೯೦೪ರಲ್ಲಿ ತೀರಿಕೊಳ್ಳುವ ವೇಳೆಗೆ ಮಾರಿದ್ದುದು ಸುಮಾರು ಎರಡೂವರೆ ಲಕ್ಷ. ಇದರ ಎರಡು ಕಥೆಗಳು, ಒಬ್ಬ ಚಮ್ಮಾರನದೂ ಒಬ್ಬ ಕುಂಬಾರನದೂ, ೧೮೭೨ರಲ್ಲಿ ಕ್ಯೋಟೋ ನಗರದಲ್ಲಿ ಕಬುಕಿ ನಾಟಕಗಳಾಗಿ ರಂಗವನ್ನೇರಿದವು.

ಭಾಷಾಂತರವು ಹೀಗೆ ಹರಡುತ್ತಿರುವಾಗಲೇ ಮೂಲಗ್ರಂಥವು ಶಾಲೆಗಳಲ್ಲಿ ಇಂಗ್ಲಿಷ್ ಪಠ್ಯಪುಸ್ತಕವಾಯಿತು. ಜಪಾನಿನ ಇಂಗ್ಲಿಷ್ ಬೋಧನೆಯಲ್ಲಿ ಆಗ ಎರಡು ಮಾರ್ಗಗಳಿದ್ದವು. ‘ಸೇಸೊಕು’ ಎಂಬ ಕ್ರಮಮಾರ್ಗದಲ್ಲಿ ಉಚ್ಚಾರಣೆಗೂ ಸಂಭಾಷಣೆಗೂ ಪ್ರಾಧಾನ್ಯ. ಹೆಚ್ಚಾಗಿ ವಿದೇಶೀಯರೇ ಗುರುಗಳು. ‘ಹೆನ್‌ಸೊಕು’ ಎಂಬ ವಿಕ್ರಮಮಾರ್ಗದಲ್ಲಿ ಉಚ್ಚಾರಣೆ ಹೇಗಾದರೂ ಇರಲಿ, ಅರ್ಥವಾದರೆ ಸಾಕು. ಎರಡನೆಯದು ಜಪಾನೀಯರಿಗೆ ಹೊಸದಾಗಿರಲಿಲ್ಲ. ಚೀನೀ ಗ್ರಂಥಗಳನ್ನು ಅವರು ನೂರಾರು ವರ್ಷಗಳಿಂದ ಹಾಗೆಯೇ ಓದುತ್ತಿದ್ದರು. ವಾಕ್ಯದ ಪಕ್ಕದಲ್ಲಿ ಚಿಕ್ಕ ಗುರುತುಗಳನ್ನಿಟ್ಟು, ಪದಗಳನ್ನು ಹಿಂದುಮುಂದು ಮಾಡಿ, ತಮ್ಮ ಭಾಷೆಯ ಕ್ರಮದಲ್ಲಿ ಉಚ್ಚರಿಸುತ್ತಿದ್ದರು. ಈಗ ಅದೇ ಉಪಾಯವನ್ನು ಇಂಗ್ಲಿಷಿಗೂ ಹಚ್ಚಿದರು. ಗುರುವಿಲ್ಲದೆ ಓದುವವರಿಗೆಂದು ಅಚ್ಚಾದ ‘ಹಿತೊರಿ ಅನ್ನೈ’ ಎಂಬ ಕೈಪಿಡಿಗಳಲ್ಲಿ, ಪ್ರತಿ ಇಂಗ್ಲಿಷ್ ಪದದ ಹತ್ತಿರ ಜಪಾನೀ ಅಕ್ಷರದಲ್ಲಿ ಉಚ್ಚಾರ, ಅರ್ಥ, ಮತ್ತು ಒಂದು ಅಂಕಿ ಇರುತ್ತಿದ್ದವು. ‘ಹೀ ಓವರ್‌ಕೇಮ್ ಪಾವರ್ಟಿ’ ಎಂಬ ವಾಕ್ಯವಿದ್ದರೆ ಮೊದಲ ಪದಕ್ಕೆ ೧, ಎರಡನೆಯದಕ್ಕೆ ೩, ಮೂರನೆಯದಕ್ಕೆ ೨. ಅಂಕಿಗಳನ್ನನುಸರಿಸಿ ಓದಿದರೆ ‘ಅವನು ಬಡತನವನ್ನು ಗೆದ್ದನು’ ಎಂದಾಗುತ್ತದೆ. ಕನ್ನಡ ವಾಕ್ಯದ ಕ್ರಮವೂ ಜಪಾನೀ ವಾಕ್ಯದ ಕ್ರಮವೂ ಈ ವಿಷಯದಲ್ಲಿ ಒಂದೇ ಆದುದರಿಂದ ಕನ್ನಡಿಗರಿಗೆ ಇದನ್ನು ವಿವರಿಸಬೇಕಾದುದಿಲ್ಲ. ರಘುವಂಶದ ಶ್ಲೋಕಕ್ಕೆ ಅನ್ವಯವನ್ನು ಹೇಳಿ ಪ್ರತಿಪದಾರ್ಥವನ್ನು ಬರೆಯಿಸುತ್ತಿದ್ದ ಪಾಠಶಾಲೆಯ ಪದ್ಧತಿಗೂ ಇದಕ್ಕೂ ಇರುವ ಸಾಮ್ಯವು ಎದ್ದುಕಾಣುತ್ತದೆ.

ಪ್ರತಿಪದಾರ್ಥದಿಂದ ಪದದ ಒಂದು ಅರ್ಥವು ಸಿಕ್ಕುತ್ತದೆ, ಪದವು ಕೈವಶವಾಗುವುದಿಲ್ಲ. ಈ ಕೊರತೆಯನ್ನು ತುಂಬುವುದಕ್ಕೆ ಸ್ಮೈಲ್ಸನ ಗ್ರಂಥದಷ್ಟು ಅನುಕೂಲವಾದುದು ಇನ್ನೊಂದು ಇರಲಿಲ್ಲವೆನ್ನಬಹುದು. ಆತನ ಶೈಲಿಯಲ್ಲಿ ಸೊಗಸು ಕಡಿಮೆ, ಪುನರುಕ್ತಿ ಹೇರಳ. ಇಂಗ್ಲಿಷ್ ವಿಮರ್ಶಕರಿಗೆ ದೋಷವಾಗಿ ಕಂಡ ಈ ಪುನರುಕ್ತಿಯೇ ಪರಭಾಷೆಯ ವಿದ್ಯಾರ್ಥಿಗೆ ಗುಣವಾಯಿತು. ಪರ್ಸಿವಿಯರೆನ್ಸ್, ಅಪ್ಲಿಕೇಷನ್, ಎನರ್ಜಿ, ಇಂಡಸ್ಟ್ರಿ, ಕ್ಯಾರಕ್ಟರ್ ಮುಂತಾದ ಅಮೂರ್ತ ಶಬ್ದಗಳು ಕೋಶದಲ್ಲಿ ಒಂದನ್ನೊಂದು ಹೋಲುತ್ತವೆ. ಒಂದರ ಅರ್ಥವನ್ನು ಹುಡುಕಿದರೆ ಇನ್ನೊಂದನ್ನು ನೋಡೆಂದು ಕೋಶವು ಕೈತೋರಿಸುತ್ತದೆ. ಸ್ಮೈಲ್ಸನಲ್ಲಾದರೋ ಪ್ರತಿಯೊಂದು ಶಬ್ದಕ್ಕೂ ಒಂದೊಂದು ಮುಖವಿದೆ, ಒಂದೊಂದು ಕಸಬಿದೆ. ಹದಿನಾರನೆಯ ಶತಮಾನದ ಫ್ರೆಂಚ್ ಕುಂಬಾರ ಪ್ಯಾಲಿಸಿಯು ಬಿಳಿಯ ಹೊಳಪನ್ನು ಕಂಡುಹಿಡಿಯುವುದಕ್ಕಾಗಿ ವರ್ಷಗಟ್ಟಲೆ ಒಲೆಯ ಮುಂದೆ ಕುಳಿತು, ಸೌದೆ ತೀರಿದಾಗ ತೋಟದ ಬೇಲಿಯನ್ನು ಕಿತ್ತು ಒಲೆಗೆ ಹಾಕಿದನು. ಅದೂ ಸಾಲದೆ ಹೋದಾಗ ಮನೆಯ ಮೇಜುಕುರ್ಚಿಗಳನ್ನು ಮುರಿದುಹಾಕಿದನು. ಪರ್ಸಿವಿಯರೆನ್ಸ್ ಎಂದರೇನೆಂದು ಈ ಕಥೆಯನ್ನು ಓದಿದ ಹುಡುಗನಿಗೆ ಕೋಶವು ಹೇಳಬೇಕಾದುದಿಲ್ಲ. ಮತ್ತೆ ಅದೇ ಶಬ್ದವು ನೇಯ್ಗೆಯವನ ಕಥೆಯಲ್ಲಿ, ಶಿಲ್ಪಿಯ ಕಥೆಯಲ್ಲಿ, ವರ್ತಕನ ಕಥೆಯಲ್ಲಿ ಬಂದಾಗ, ಎಲ್ಲಿ ಅದು ಸಲ್ಲುತ್ತದೆ ಎಲ್ಲಿ ಸಲ್ಲುವುದಿಲ್ಲ ಎಂಬ ವಿವೇಕವು ತಾನಾಗಿ ಹುಟ್ಟುತ್ತದೆ.

ಭಾಷೆಯನ್ನು ಕಲಿಯುವುದೇ ಈ ಗ್ರಂಥದಲ್ಲಿ ಒಂದು ಸಾಹಸವಾಗಿ ವರ್ಣಿತವಾಗಿದೆಯೆಂಬುದೂ ಗಮನಾರ್ಹ. ಕ್ಷೌರಿಕನಾಗಿದ್ದು ಹತ್ತಿಯ ಗಿರಣಿಗಳಿಗೆ ಒಡೆಯನಾದ ಆರ್ಕ್‌ರೈಟನು ಐವತ್ತು ದಾಟಿದ ಮೇಲೆ, ನಿದ್ರೆಯ ಹೊತ್ತನ್ನು ಕಡಿಮೆಮಾಡಿಕೊಂಡು, ಇಂಗ್ಲಿಷ್ ವ್ಯಾಕರಣವನ್ನೂ ಅಕ್ಷರಸಂಯೋಜನೆಯನ್ನೂ ಕಲಿಯತೊಡಗಿದನು. ಕಾಬೆಟ್ಟನು ದಿನಕ್ಕೆ ಆರು ಪೆನ್ನಿ ಸಂಬಳದ ಸಿಪಾಯಿಯಾಗಿದ್ದಾಗ ವ್ಯಾಕರಣವನ್ನು ಅಭ್ಯಾಸಮಾಡಿದನು. ಅಮೆರಿಕಾದ ಕಮ್ಮಾರ ಎಲಿಹು ಬರಿಟ್ಟನು ಕುಲುಮೆಯ ಕೆಲಸದ ನಡುವೆ ಹದಿನೆಂಟು ಭಾಷೆಗಳನ್ನು ಕಲಿತನು. ತಮ್ಮ ಭಾಷೆಯನ್ನೇ ಪ್ರಯಾಸದಿಂದ ಕಲಿತ ಇಂಗ್ಲಿಷರ ಈ ಕಥೆಗಳು, ಇಂಗ್ಲಿಷಿನ ಅಕ್ಷರಗಳೊಡನೆ ಹೆಣಗುತ್ತಿದ್ದ ಜಪಾನೀ ತರುಣನಿಗೆ ಎಷ್ಟು ಧೈರ್ಯವನ್ನು ಕೊಟ್ಟಿರಬೇಕೆಂಬುದನ್ನು ಊಹಿಸಬಹುದು. ಆ ತರುಣರಲ್ಲಿ ಬಹುಮಂದಿ ಸಮುರಾಯಿಗಳ ಮಕ್ಕಳು. ೧೮೭೬ರಲ್ಲಿ ಅವರ ವಂಶಪಾರಂಪರ್ಯದ ವೇತನವು ನಿಂತು, ಅದಕ್ಕೆ ಬದಲಾಗಿ ಸಾಲಪತ್ರಗಳು ದೊರೆತವು. ಕತ್ತಿಗೆ ಬೆಲೆಯಿಲ್ಲದೆ ಹೋದ ಮೇಲೆ ಅವರಿಗೆ ಉಳಿದಿದ್ದ ಬಂಡವಾಳವು ಓದು ಮಾತ್ರ.

ಇನ್ನು ನಾಕಮುರನ ಪದಪ್ರಯೋಗವನ್ನು ವಿಚಾರಿಸಬೇಕು. ಈ ಗ್ರಂಥದ ನಿಜವಾದ ಸ್ವಾರಸ್ಯವಿರುವುದು ಇಲ್ಲಿಯೇ. ಕನ್ನಡಕ್ಕೆ ಸಂಸ್ಕೃತವಿರುವಂತೆ ಜಪಾನೀ ಭಾಷೆಗೆ ಚೀನೀ ಭಾಷೆ; ಹೊಸ ಭಾವವು ಬಂದಾಗ ಎರಡು ಚೀನೀ ಅಕ್ಷರಗಳನ್ನು ಕೂಡಿಸಿ ಸಮಾಸವನ್ನು ಕಟ್ಟುವುದು ಅಲ್ಲಿಯ ಪಂಡಿತರ ಸಂಪ್ರದಾಯ. ನಾಕಮುರನು ಕಟ್ಟಿದ ಅಥವಾ ಆರಿಸಿದ ಸಮಾಸಗಳ ಬಲಗಡೆಯಲ್ಲಿ ಅವುಗಳ ಉಚ್ಚಾರವೂ, ಹಲವೆಡೆ ಎಡಗಡೆಯಲ್ಲಿ ಆಡುಮಾತಿನ ಅರ್ಥವೂ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿವೆ. ಹೀಗೆ ಒಂದೇ ಪಂಕ್ತಿಯಲ್ಲಿ ಪಂಡಿತನ ಭಾಷೆ, ಪಾಮರನ ಭಾಷೆ ಎರಡೂ ಓದುಗನಿಗೆ ಎದುರಾಗುತ್ತಿದ್ದವು. ಇಂಗ್ಲಿಷ್ ಮೂಲವನ್ನು ಪಕ್ಕದಲ್ಲಿಟ್ಟುಕೊಂಡವನಿಗೆ ಇದೊಂದು ತ್ರಿಭಾಷಾ ಕೋಶವೇ ಆಗುತ್ತಿತ್ತು. ಕೋಶರಚನೆಯಲ್ಲಿಯೂ ಆತನ ಹಸ್ತವಿತ್ತು; ಲೋಬ್‌ಷೈಡನ ಇಂಗ್ಲಿಷ್–ಚೀನೀ ಕೋಶಕ್ಕೆ ಜಪಾನೀ ಅರ್ಥಗಳನ್ನು ಸೇರಿಸಿ ೧೮೭೯ರಿಂದ ಹೊರಡಿಸಿದ ಮುದ್ರಣವನ್ನು ಪರಿಶೋಧಿಸಿದವನು ನಾಕಮುರನೇ.

ಆತನು ಆರಿಸಿದ ಶಬ್ದಗಳು ತಟಸ್ಥವಾದವುಗಳಲ್ಲ. ಹದಿಮೂರನೆಯ ಅಧ್ಯಾಯದಲ್ಲಿ ಬರುವ ‘ಜೆಂಟಲ್‌ಮನ್’ ಎಂಬುದಕ್ಕೆ ಆತನು ಇಟ್ಟುದು ‘ಕುನ್‌ಷಿ’; ಇದು ಕನ್‌ಫ್ಯೂಷಿಯಸನ ಗ್ರಂಥಗಳಲ್ಲಿ ಸತ್ಪುರುಷನಿಗಿರುವ ಹೆಸರು. ‘ಕ್ಯಾರಕ್ಟರ್’ ಎಂಬುದು ‘ಹಿನ್‌ಕೋ’ ಎಂದಾಯಿತು. ಇದರಲ್ಲಿ ಒಳಗಿನ ಸ್ವಭಾವಕ್ಕಿಂತ ಹೊರಗಿನ ನಡತೆಯ ಛಾಯೆಯೇ ಹೆಚ್ಚು. ಗ್ರಂಥದ ಹೆಸರಿನಲ್ಲಿರುವ ‘ರಿಷ್ಷಿ’ ಎಂಬುದು ಮೆನ್ಷಿಯಸನಿಂದ ಬಂದ ಮಾತು, ಸಂಕಲ್ಪವನ್ನು ನೆಲೆನಿಲ್ಲಿಸುವುದು ಎಂದರ್ಥ. ಸಹಾಯವೆಂಬ ಮಾತು ಹೆಸರಿನಿಂದಲೇ ಮಾಯವಾಯಿತು. ಮೂಲದ ಎರಡನೆಯ ಅಧ್ಯಾಯದ ತಲೆಬರಹದಲ್ಲಿ ‘ಇಂಡಸ್ಟ್ರಿಯ ನಾಯಕರು’ ಎಂದಿರುವುದನ್ನು ನಾಕಮುರನು ‘ಹೊಸ ಯಂತ್ರಗಳನ್ನು ಕಂಡುಹಿಡಿದು ನಿರ್ಮಿಸುವವರು’ ಎಂದು ಬಿಡಿಸಿ ಹೇಳಬೇಕಾಯಿತು. ಏಕೆಂದರೆ ‘ಇಂಡಸ್ಟ್ರಿ’ ಎಂಬ ಇಂಗ್ಲಿಷ್ ಶಬ್ದವೇ ಆಗ ಎರಡು ದೋಣಿಗಳಲ್ಲಿ ಕಾಲಿಟ್ಟಿತ್ತು: ಹಳೆಯ ಅರ್ಥ ದುಡಿಮೆ, ಶ್ರಮಶೀಲತೆ; ಹೊಸ ಅರ್ಥ ಯಂತ್ರಗಳಿಂದ ನಡೆಯುವ ಉತ್ಪಾದನೆ. ಸ್ಮೈಲ್ಸನ ವಾದವೆಲ್ಲ ಈ ಎರಡರ್ಥಗಳ ಸೇತುವೆಯ ಮೇಲೆ ನಿಂತಿದೆ. ಶ್ರಮದ ಗುಣದಿಂದಲೇ ಕಾರ್ಖಾನೆ ಹುಟ್ಟುತ್ತದೆಂಬುದು ಆತನ ಮತ. ಜಪಾನೀ ಭಾಷೆಯಲ್ಲಿ ಅಂಥ ಸೇತುವೆ ಇರಲಿಲ್ಲ. ಹಾಗೆಯೇ ‘ಮೆನ್ ಆಫ್ ಬಿಸಿನೆಸ್’ ಎಂಬುದು ‘ಷೊಕುಜಿ ಒ ತ್ಸುತೊಮುರು ಹಿತೊ’, ಅಂದರೆ ವೃತ್ತಿಕಾರ್ಯವನ್ನು ನಿರ್ವಹಿಸುವವನು, ಎಂದಾಯಿತು. ಸಮಾಜದ ನಾಲ್ಕು ಶ್ರೇಣಿಗಳಲ್ಲಿ ವರ್ತಕನಿಗೆ ಕಡೆಯ ಸ್ಥಾನವನ್ನು ಕೊಟ್ಟಿದ್ದ ದೇಶದಲ್ಲಿ, ವರ್ತಕನೆಂಬ ಬಳಕೆಯ ಮಾತನ್ನೇ ಹಾಕಿದ್ದರೆ ಸಮುರಾಯಿಯ ಮಗನು ಪುಟವನ್ನು ಮಗುಚಿಬಿಡುತ್ತಿದ್ದನು. ಇದನ್ನು ಅಸಮರ್ಪಕ ಭಾಷಾಂತರವೆನ್ನುವುದು ಸುಲಭ. ಆದರೆ ಶಬ್ದದ ಜೊತೆಗೆ ಅದಕ್ಕಂಟಿದ ಗೌರವವನ್ನೂ ಭಾಷಾಂತರಿಸಬೇಕಾದವನಿಗೆ ಬೇರೆ ದಾರಿಯೇನಿತ್ತು?

ಇದರ ಮತ್ತೊಂದು ಮುಖವನ್ನೂ ಹೇಳಬೇಕು. ಯಶಸ್ಸನ್ನು ಪಡೆದವರ ಕಥೆಗಳಿಂದಲೇ ಕಲಿತ ಶಬ್ದಗಳು ಆ ಕಥೆಗಳ ಪಕ್ಷಪಾತವನ್ನೂ ಹೊತ್ತುಕೊಂಡು ಬರುತ್ತವೆ. ಸ್ಮೈಲ್ಸನಲ್ಲಿ ಬಡತನವೆಂಬುದು ದಾಟಿಹೋಗುವ ಹೊಳೆ. ಅದರಲ್ಲಿ ಮುಳುಗಿದವರ ಮಾತು ವಿರಳ. ಹೆಂಗಸರಾದರೋ ತಾಯಿಯರಾಗಿ, ಪತ್ನಿಯರಾಗಿ ಅಂಚಿನಲ್ಲಿ ಮಾತ್ರ ಸುಳಿಯುತ್ತಾರೆ. ಪ್ಯಾಲಿಸಿಯ ಹೆಂಡತಿ ಉರಿಯುತ್ತಿರುವ ಕುರ್ಚಿಗಳನ್ನು ನೋಡಿ ಊರಿನ ಬೀದಿಗೆ ಓಡಿದಳೆಂದು ಕಥೆಯಲ್ಲಿದೆ. ಆಕೆಯ ನ್ಯಾಯವನ್ನು ಹೇಳುವ ಶಬ್ದವನ್ನು ಆ ಪುಸ್ತಕದಿಂದ ಯಾವ ವಿದ್ಯಾರ್ಥಿಯೂ ಕಲಿಯಲಾರನು. ಜಪಾನಿನಲ್ಲಿ ‘ರಿಷ್ಷಿ’ ಎಂಬ ಆದರ್ಶವು ಕ್ರಮೇಣ ‘ರಿಷ್ಷಿನ್ ಷುಸ್ಸೆ’ ಎಂಬ ಲೌಕಿಕ ಮಾತಿನಲ್ಲಿ ಕರಗಿತು. ತಲೆಯೆತ್ತಿ ನಿಂತು ಲೋಕದಲ್ಲಿ ಮುಂದೆ ಬರುವುದು ಎಂದು ಅದರ ಅರ್ಥ. ಮೊದಲು ಸರಕಾರಿ ಅಧಿಕಾರವೇ ಆ ಮುಂಬರವಿನ ಗುರಿ. ಶತಮಾನದ ಕೊನೆಯ ಹೊತ್ತಿಗೆ ಹಣವು ಅದರ ಪಕ್ಕದಲ್ಲಿ ಬಂದು ನಿಂತಿತು. ಕೈಗೊಂಡ ಕೆಲಸವನ್ನು ಮುಗಿಸುವುದೆಂಬ ಹಳೆಯ ಅರ್ಥವಿದ್ದ ‘ಸೇಕೋ’ ಎಂಬ ಮಾತು ಇಂಗ್ಲಿಷಿನ ‘ಸಕ್ಸೆಸ್’ ಎಂಬುದರ ಪ್ರತಿಶಬ್ದವಾಗಿ ನಿಂತಿತು. ಅದೇ ಹೆಸರಿನ ಮಾಸಪತ್ರಿಕೆಯೊಂದು ೧೯೦೨ರಲ್ಲಿ ಟೋಕಿಯೋದಲ್ಲಿ ಹೊರಟಿತು. ಅದಕ್ಕೆ ಮಾದರಿ ಅಮೆರಿಕಾದ ಆರಿಸನ್ ಸ್ವೆಟ್ 마ರ್ಡನನ ಪತ್ರಿಕೆ. ಈ ಮಾರ್ಡನನು ಎಳೆತನದಲ್ಲಿ ಅಟ್ಟದ ಮೇಲೆ ಸಿಕ್ಕಿದ ‘ಸೆಲ್ಫ್ ಹೆಲ್ಪ್’ ಪ್ರತಿಯನ್ನು ಓದಿ ಉತ್ತೇಜಿತನಾದವನು. ೧೮೯೪ರಲ್ಲಿ ಆತನು ಬರೆದ ‘ಪುಷಿಂಗ್ ಟು ದಿ ಫ್ರಂಟ್’ ಎಂಬುದೂ ಜಪಾನೀ ಶಾಲೆಗಳಲ್ಲಿ ಇಂಗ್ಲಿಷ್ ಪಠ್ಯವಾಗಿ ನಡೆಯಿತು. ಅರಬ್ಬೀ ಭಾಷೆಯಲ್ಲಾದರೋ ಈ ತಿರುವು ಆರಂಭದಲ್ಲೇ ಆಗಿದೆ: ಬೈರೂತಿನಲ್ಲಿ ಯಾಕೂಬ್ ಸರ್ರೂಫನು ೧೮೮೦ರಲ್ಲಿ ಮಾಡಿದ ಸ್ಮೈಲ್ಸನ ಭಾಷಾಂತರದ ಹೆಸರು ‘ಸಿರ್ ಅಲ್ ನಜಾಹ್’, ಯಶಸ್ಸಿನ ರಹಸ್ಯ. ಒಂದೇ ಗ್ರಂಥಕ್ಕೆ ಒಬ್ಬನು ಸಂಕಲ್ಪದ ಹೆಸರನ್ನೂ ಇನ್ನೊಬ್ಬನು ಫಲದ ಹೆಸರನ್ನೂ ಇಟ್ಟನು.

ಕನ್ನಡ ಶಬ್ದಗಳಿಗೂ ಇಂಥ ಯಾತ್ರೆ ತಪ್ಪಿಲ್ಲ. ಈಗ ‘ಸಕ್ಸೆಸ್’ ಎಂಬುದಕ್ಕೆ ಬಳಸುವ ‘ಯಶಸ್ಸು’ ಸಂಸ್ಕೃತದಲ್ಲಿ ಕೀರ್ತಿ. ಕೆಲಸ ಕೈಗೂಡುವುದಕ್ಕೆ ಹಳಬರ ಮಾತು ಸಿದ್ಧಿ. ‘ಉದ್ಯಮ’ವೂ ‘ಉದ್ಯೋಗ’ವೂ ಹಿತೋಪದೇಶವನ್ನು ಓದಿದವರಿಗೆ ಪುರುಷಪ್ರಯತ್ನ, ಈಗ ಮೊದಲನೆಯದು ಕಾರ್ಖಾನೆ ವ್ಯಾಪಾರಗಳ ಹೆಸರು, ಎರಡನೆಯದು ಸಂಬಳದ ಕೆಲಸ. ‘ಇಂಡಸ್ಟ್ರಿ’ ನಡೆದ ದಾರಿಯಲ್ಲೇ ‘ಉದ್ಯಮ’ವೂ ನಡೆದಿದೆಯೆಂಬುದು ಆಕಸ್ಮಿಕವೆಂದು ತೋರುವುದಿಲ್ಲ. ಗೀತೆಯಲ್ಲಿ ನಿಶ್ಚಯವೆಂಬ ಅರ್ಥದಲ್ಲಿರುವ ‘ವ್ಯವಸಾಯ’ವು ಕನ್ನಡದಲ್ಲಿ ಹೊಲಕ್ಕಿಳಿಯಿತು, ಹಿಂದಿಯಲ್ಲಿ ಅಂಗಡಿಗೆ ಹೋಯಿತು. ಅಚ್ಚಗನ್ನಡದ ‘ಕೈಗಾರಿಕೆ’ಯಲ್ಲಿ ಕೈಯೇ ಮುಖ್ಯವಾಗಿದ್ದರೂ ಉಗಿಯಂತ್ರದ ಗಿರಣಿಗೂ ಅದೇ ಹೆಸರು ನಿಂತಿತು. ೧೮೯೮ರಲ್ಲಿ ಜಪಾನನ್ನು ನೋಡಿ ಬಂದ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ ೧೯೧೨–೧೮ರ ಅವಧಿಯಲ್ಲಿಯೇ ಕನ್ನಡ ಸಾಹಿತ್ಯ ಪರಿಷತ್ತೂ (೧೯೧೫) ಮೈಸೂರು ವಿಶ್ವವಿದ್ಯಾನಿಲಯವೂ (೧೯೧೬) ಹುಟ್ಟಿದವು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಪತ್ರಿಕೆಯ ಮೂಲಕ ಶಾಸ್ತ್ರಪದಗಳನ್ನು ಕನ್ನಡಕ್ಕೆ ತರಲು ಯತ್ನಿಸಿದುದೂ ಅದೇ ದಶಕದಲ್ಲಿ. ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ೧೯೪೬ರಲ್ಲಿ ಹೊರಬಂದಿತು. ವ್ಯತ್ಯಾಸವಿರುವುದು ಪಂಡಿತರ ಶಕ್ತಿಯಲ್ಲಲ್ಲ, ಪಾಠಶಾಲೆಯ ಕ್ರಮದಲ್ಲಿ. ಟೋಕಿಯೋದಲ್ಲಿ ೧೮೭೦ರ ದಶಕದಲ್ಲಿ ಉಚ್ಚಶಿಕ್ಷಣವೆಲ್ಲ ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ನಡೆದು, ಮುಂದಿನ ದಶಕದಿಂದ ಜಪಾನೀ ಭಾಷೆಗೆ ತಿರುಗಿತು. ಕಲಿತ ಶಬ್ದವನ್ನು ತರಗತಿಯಲ್ಲಿ ತನ್ನ ನುಡಿಯಲ್ಲಿ ಹೇಳಲೇಬೇಕಾದ ನಿರ್ಬಂಧವು ಅಲ್ಲಿಯ ಉಪಾಧ್ಯಾಯನಿಗೆ ಬಂದಿತು. ಮೈಸೂರಿನ ಕಾಲೇಜುಗಳಲ್ಲಿ ಅಂಥ ನಿರ್ಬಂಧವಿರಲಿಲ್ಲ. ಆದುದರಿಂದ ಇಲ್ಲಿ ಕೋಶವಾಯಿತು, ಆ ಕೋಶದ ಶಬ್ದಗಳಿಗೆ ಮಾತಾಗುವ ಅವಕಾಶವು ತಡವಾಯಿತು.

ಜಪಾನಿನಲ್ಲಿ ವರ್ತಕನಿಗೆ ಬೇಕಾಗಿದ್ದ ಗೌರವದ ಹೆಸರು ಕಡೆಗೆ ‘ಜಿತ್ಸುಗ್ಯೋ’ ಎಂಬುದರಿಂದ ದೊರೆಯಿತು. ‘ನಿಜವಾದ ಕಸಬು’ ಎಂದು ಅದರ ಅಕ್ಷರಾರ್ಥ. ಇದನ್ನು ಪ್ರಚಾರಕ್ಕೆ ತಂದವರಲ್ಲಿ ಮುಖ್ಯನು ಷಿಬುಸಾವ ಎಯಿಚಿ (೧೮೪೦–೧೯೩೧). ೧೮೭೩ರಲ್ಲಿ ದೇಶದ ಮೊದಲನೆಯ ರಾಷ್ಟ್ರೀಯ ಬ್ಯಾಂಕನ್ನು ಕಟ್ಟಿ, ಸುಮಾರು ೫೦೦ ಸಂಸ್ಥೆಗಳ ಸ್ಥಾಪನೆಯಲ್ಲಿ ಕೈಯಿಟ್ಟ ಈತನು ತರುಣರಿಗೆ ಮಾಡಿದ ಉಪನ್ಯಾಸಗಳು ೧೯೧೬ರಲ್ಲಿ ‘ರೊಂಗೊ ತೊ ಸೊರೊಬಾನ್’, ಅಂದರೆ ಕನ್‌ಫ್ಯೂಷಿಯಸನ ಸೂಕ್ತಿಗಳೂ ಮಣಿಚೌಕಟ್ಟೂ, ಎಂಬ ಪುಸ್ತಕವಾದವು. ಲೀಡ್ಸಿನ ಕೋಣೆಯಲ್ಲಿ ನಡೆದಂಥ ಮಾತೇ ಇದು. ಆದರೆ ಈಗ ಹೇಳಿದವನು ಉದ್ಯಮಿಯೇ, ಹೇಳಿದ ಭಾಷೆ ಕೇಳಿದವರ ಭಾಷೆಯೇ. ಮೋರಿಯು ಸಾಲದೆಂದಿದ್ದ ಆ ಭಾಷೆಯಲ್ಲಿ ಬ್ಯಾಂಕು, ಕಂಪೆನಿ, ಬಂಡವಾಳ ಎಲ್ಲಕ್ಕೂ ಆಗ ಮಾತಿತ್ತು.

ಇಂಗ್ಲಿಷ್ ಓದಲಾರದವರಿಗೆ ನಾಕಮುರನ ಗ್ರಂಥವೇ ಮೂಲವಾಯಿತು. ೧೮೬೭ರಲ್ಲಿ ಒಬ್ಬ ಬಡಗಿಯ ಮಗನಾಗಿ ಹುಟ್ಟಿದ ತೊಯೊದ ಸಾಕಿಚಿಯು ಎಳೆವಯಸ್ಸಿನಲ್ಲಿ ಓದಿ ಪ್ರಭಾವಿತನಾದುದು ಈ ಭಾಷಾಂತರದಿಂದ. ಆತನ ಹುಟ್ಟೂರಾದ ಕೊಸಾಯಿಯ ಸ್ಮಾರಕಭವನದಲ್ಲಿ ಅದರ ಪ್ರತಿಯೊಂದನ್ನು ಇಟ್ಟಿದ್ದಾರೆ. ೧೮೯೧ರಲ್ಲಿ ಮರದ ಕೈಮಗ್ಗವೊಂದಕ್ಕೆ ಹಕ್ಕುಪತ್ರವನ್ನು ಪಡೆದ ಆತನು ೧೯೨೪ರಲ್ಲಿ, ನಿಲ್ಲಿಸದೆಯೇ ಲಾಳಿಯನ್ನು ಬದಲಾಯಿಸಿಕೊಳ್ಳುವ ಸ್ವಯಂಚಾಲಿತ ಮಗ್ಗವನ್ನು ಪೂರೈಸಿದನು. ೧೯೨೯ರಲ್ಲಿ ಆ ಮಗ್ಗದ ಹಕ್ಕನ್ನು ಒಂದು ಲಕ್ಷ ಪೌಂಡುಗಳ ಒಪ್ಪಂದಕ್ಕೆ ಕೊಂಡುಕೊಂಡವರು ಇಂಗ್ಲೆಂಡಿನ ಓಲ್ಡಂ ಪಟ್ಟಣದ ಪ್ಲಾಟ್ ಬ್ರದರ್ಸ್ ಎಂಬ ಯಂತ್ರನಿರ್ಮಾಪಕರು. ಓಲ್ಡಂ ಆಗ ಲ್ಯಾಂಕಷೈರಿಗೆ ಸೇರಿತ್ತು. ಆರ್ಕ್‌ರೈಟನು ೧೭೩೨ರಲ್ಲಿ ಹುಟ್ಟಿದ ಪ್ರೆಸ್ಟನ್ ಊರೂ ಅದೇ ಪ್ರಾಂತದ್ದು.